ಆರೋಗ್ಯದ ಕಪಾಟು

ಗ್ರಂಥಾಲಯದಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ‘ಕಪಾಟು’ ಎಂದೇ. ಇಪ್ಪತ್ತಾರು ವರ್ಷ ಹೊಸ ಪುಸ್ತಕಗಳ ಬೆನ್ನಿಗೆ ಸಂಖ್ಯೆಯ ಚೀಟಿ ಅಂಟಿಸಿ, ಯಾವುದು ಯಾವ ಕಪಾಟಿಗೆ ಎಂದು ತೀರ್ಪು ಕೊಡುತ್ತಾ ಬಂದ ಮಹಾನುಭಾವ. ಒಂದನ್ನಾದರೂ ಓದಿದ್ದಾನೆಯೇ ಎಂದು ಮಾತ್ರ ಕೇಳಬೇಡಿ. “ಹೆಸರು ನೋಡು, ಹಿಂದಿನ ರಟ್ಟು ನೋಡು, ಸಾಕು. ಒಳಗೆ ಇಣುಕೋದು ಓದುಗರ ಕೆಲಸ,” ಎಂದು ಗತ್ತಿನಿಂದ ಹೇಳುತ್ತಿದ್ದ. ಅಡುಗೆಯವನೊಬ್ಬ ತನ್ನ ಜೈಲುವಾಸದ ಬಗ್ಗೆ ಬರೆದ ಪುಸ್ತಕ ಇವನ ಕೃಪೆಯಿಂದ ಏಳು ವರ್ಷ ಅಡುಗೆ ಪುಸ್ತಕಗಳ ನಡುವೆ ಕೊಳೆಯಿತು.

ಇಂಥವನ ಕೈಗೆ ಅಕ್ಕ ತನ್ನ ಮಂಡಿಯನ್ನು ಕೊಟ್ಟಳು. ಮಂಡಿ ಎಂದರೆ, ಮಂಡಿಯ ಆಪರೇಷನ್ನಿಗೆಂದು ಹನ್ನೊಂದು ವರ್ಷ ಹೊಲಿಗೆ ಯಂತ್ರ ತುಳಿದು ಕೂಡಿಟ್ಟ ಹಣ. ಎರಡು ವರ್ಷ ತಡೆಯಬಹುದು ಎಂದು ಡಾಕ್ಟರು ಹೇಳಿದ್ದರು. ಅಷ್ಟರೊಳಗೆ ಬೆಳೆಸಿಕೊಡುತ್ತೇನೆ ಎಂದು ಈ ತಮ್ಮ ಎದೆ ತಟ್ಟಿಕೊಂಡ.

“ಯಾವುದ್ರಲ್ಲಿ ಹಾಕ್ತೀಯೋ?”

“ಆರೋಗ್ಯ ವಲಯದಲ್ಲಿ ಅಕ್ಕ. ಜನ ಕಾಯಿಲೆ ಬೀಳೋದನ್ನ ನಿಲ್ಲಿಸ್ತಾರಾ? ಅದೂ ಒಂದಲ್ಲ, ಐದು ಕಂಪನಿ. ಒಂದು ಬಿದ್ರೆ ಇನ್ನೊಂದು ಎತ್ತಿ ಹಿಡಿಯುತ್ತೆ.”

ಷೇರುಪೇಟೆಯಲ್ಲಿ ಕಂಪನಿಗಳನ್ನು ಆರೋಗ್ಯ, ಬ್ಯಾಂಕು, ವಾಹನ ಎಂದು ವಿಂಗಡಿಸಿದ್ದನ್ನು ಕಂಡಾಗ ಅವನಿಗೆ ಸ್ವಂತ ಮನೆಗೆ ಕಾಲಿಟ್ಟಷ್ಟು ಖುಷಿಯಾಗಿತ್ತು. ಆರೋಗ್ಯದ ಪಟ್ಟಿಯ ಮೊದಲ ಐದು ಹೆಸರುಗಳನ್ನು ಕಣ್ಣು ಮುಚ್ಚಿ ಕೊಂಡ. ವರದಿಗಳನ್ನು ಓದುವ ತಾಪತ್ರಯ ಯಾರಿಗೆ ಬೇಕು!

ಹದಿನಾಲ್ಕನೆಯ ತಿಂಗಳಲ್ಲಿ ಸರ್ಕಾರ ಔಷಧಗಳ ಬೆಲೆಗೆ ಕಡಿವಾಣ ಹಾಕಿತು. ಐದರಲ್ಲಿ ಮೂರು ಔಷಧ ಕಂಪನಿಗಳು. ಒಂದನ್ನೊಂದು ಎತ್ತಿ ಹಿಡಿಯಬೇಕಾದವು ಕೈ ಕೈ ಹಿಡಿದುಕೊಂಡು ಮುಳುಗಿದವು. ಗೆದ್ದಲು ಹಿಡಿದರೆ ಕಪಾಟಿಗೆ ಕಪಾಟೇ ಹೋಗುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದ ಈ ಪಂಡಿತನಿಗೆ ಅದು ಹೊಳೆದಿರಲೇ ಇಲ್ಲ. ನಾಲ್ಕನೆಯ ಕಂಪನಿಯ ಗಳಿಕೆಯೆಲ್ಲ ಸೋಪು, ಶ್ಯಾಂಪೂಗಳದ್ದು. ಐದನೆಯದು ಆಸ್ಪತ್ರೆ ನಡೆಸುತ್ತಿದ್ದುದು ನಿಜ, ಆದರೆ ಸಾಲ ಮಾಡಿ ನಿವೇಶನ ಕೊಂಡು ಕೈ ಸುಟ್ಟುಕೊಂಡಿತ್ತು. ಅದೇ ಪಟ್ಟಿಯ ಒಂಬತ್ತನೆಯ ಹೆಸರು, ಆಸ್ಪತ್ರೆಗಳಿಗೆ ಮಂಚ ಮಾಡಿಕೊಡುವ ಕಂಪನಿ, ಆ ವಾರವೂ ನೆಮ್ಮದಿಯಾಗಿ ಏರುತ್ತಿತ್ತು. ಇದೆಲ್ಲ ಓದುವವರಿಗೆ ಸಿಗುವಂತೆ ವರದಿಗಳಲ್ಲೇ ಇತ್ತು.

ಇನ್ನು ತಡಮಾಡುವಂತಿಲ್ಲ ಎಂದು ಡಾಕ್ಟರು ಹೇಳಿದ ದಿನ ಅಕ್ಕ ಹಣ ಕೇಳಿದಳು. ಮೂರನೆಯ ಮಹಡಿಯ ಅವಳ ಕೋಣೆಯಲ್ಲಿ, ಬಟ್ಟೆಯ ತುಂಡುಗಳ ನಡುವೆ ಸ್ಟೂಲಿನ ಮೇಲೆ ಕೂತು ಅವನು ವಿವರಿಸತೊಡಗಿದ.

“ಅರ್ಧದಷ್ಟು ಕರಗಿದೆ. ಆದ್ರೆ ಇಡೀ ವಲಯವೇ ಬಿದ್ದಿದೆ ಅಕ್ಕ, ನಾನೇನ್ ಮಾಡ್ಲಿ?”

ಅಕ್ಕ ಕತ್ತರಿ ಕೆಳಗಿಟ್ಟಳು. “ಆರೋಗ್ಯ ಬಿದ್ದಿದೆ ಅಂತೀಯ, ಆಸ್ಪತ್ರೆಯವ್ರು ರೇಟು ಏರಿಸಿ ಕೂತಿದ್ದಾರೆ. ಐವತ್ತು ದಾಟಿದ ಗಂಡಸ್ರು ಅಂತ ನಾನು ಎಲ್ರಿಗೂ ಒಂದೇ ಅಳತೆಯಲ್ಲಿ ಅಂಗಿ ಹೊಲಿದ್ರೆ ಯಾರಾದ್ರೂ ಕಾಸು ಕೊಡ್ತಾರೇನೋ? ಆ ಕಂಪನಿಗಳು ಏನ್ ಮಾಡ್ತವೆ ಅಂತ ಓದಿದ್ಯಾ?”

ಅವನು ಗೋಡೆ ನೋಡಿದ.

“ಉಳಿದದ್ದನ್ನ ನಾಳೆನೇ ಮಾರು. ಕಡಿಮೆ ಬಿದ್ದಿದ್ದನ್ನ ನಿನ್ನ ಸಂಬಳದಲ್ಲಿ ತುಂಬು. ಅಲ್ಲೀತನಕ ಗಿರಾಕಿಗಳ ಮನೆಗೆ ಬಟ್ಟೆ ಕೊಟ್ಟು ಬರೋ ಕೆಲಸ ನಿಂದು. ನನ್ ಕೈಲಿ ಇನ್ನು ಮೆಟ್ಟಿಲು ಇಳಿಯೋಕಾಗಲ್ಲ.”

ಬಟ್ಟೆಯ ಗಂಟು ಹೊತ್ತ. ಷೇರು ಮಾತ್ರ ಮಾರಲಿಲ್ಲ. ಇನ್ನೊಂದು ವಾರ ಕಾದರೆ ವಲಯ ಎದ್ದೇ ಏಳುತ್ತದೆ ಎಂದು ಮೂರು ತಿಂಗಳು ತಳ್ಳಿದ. ಅಕ್ಕ ಒಂದೇ ಕಾಲಲ್ಲಿ ಯಂತ್ರ ತುಳಿಯುತ್ತಿದ್ದಳು.

ಒಂದು ಬೆಳಿಗ್ಗೆ ನಿವೃತ್ತ ಮೇಷ್ಟ್ರೊಬ್ಬರು ಬಾಗಿಲಲ್ಲಿ ಅಂಗಿ ತೆಗೆದುಕೊಳ್ಳುತ್ತಾ ಕೇಳಿದರು: “ಈಗ ಹೇಗಿದೆಯಪ್ಪಾ?”

“ಚೇತರಿಸಿಕೊಳ್ತಿದೆ ಸರ್. ಈ ವಾರ ಶೇಕಡಾ ಎರಡು ಏರಿದೆ.”

“ನಾನು ನಿಮ್ಮಕ್ಕನ ಮಂಡಿ ಬಗ್ಗೆ ಕೇಳಿದ್ದು.”

ಅವನಿಗೆ ಐದು ಕಂಪನಿಗಳ ಅಂದಿನ ಬೆಲೆ ಕೊನೆಯ ಅಂಕಿಯವರೆಗೆ ಬಾಯಿಪಾಠವಾಗಿತ್ತು. ಮಂಡಿ ಹೇಗಿದೆ ಎಂದು ಆ ಮೂರು ತಿಂಗಳಲ್ಲಿ ಅವನು ಅಕ್ಕನನ್ನು ಒಮ್ಮೆಯೂ ಕೇಳಿರಲಿಲ್ಲ.