ರಾಕೆಟ್ಟಿನ ಕೆಳಗೆ ನಿಂಬೆಹಣ್ಣು

ಮಗಳು ಶಾಲೆಯಲ್ಲಿ ಬಾಯಿಯೇ ಬಿಡುವುದಿಲ್ಲ ಎಂದು ಅವಳ ಟೀಚರ್ ಹೇಳಿದಾಗ, ಬೇರೆ ಯಾರದೋ ಮಗುವಿನ ವಿಷಯ ಹೇಳುತ್ತಿದ್ದಾರೆ ಅಂದುಕೊಂಡೆ. ಮನೆಯಲ್ಲಿ ಅವಳ ಬಾಯಿ ಮುಚ್ಚಿಸುವುದೇ ನನಗೆ ದೊಡ್ಡ ಕೆಲಸವಾಗಿತ್ತು. ಹಲ್ಲುಜ್ಜುವಾಗ ನೊರೆ ತುಂಬಿದ ಬಾಯಲ್ಲೂ ಮಾತಾಡುವ ಹುಡುಗಿ ಅವಳು. ಆದರೆ ಟೀಚರ್ ಅವಳ ಹೆಸರನ್ನು ಇನ್ನೊಮ್ಮೆ ನಿಧಾನವಾಗಿ ಹೇಳಿದರು. ಶಾಲೆ ಶುರುವಾದಾಗಿನಿಂದ ಅವಳ ಧ್ವನಿಯನ್ನು ತಾವಾಗಲೀ ಮಕ್ಕಳಾಗಲೀ ಕೇಳಿಯೇ ಇಲ್ಲವಂತೆ. ಕ್ರಿಸ್‌ಮಸ್ ರಜೆಯ ತನಕ ಕಾಯೋಣ, ಆಮೇಲೂ ಹೀಗೇ ಇದ್ದರೆ ಮನಶ್ಶಾಸ್ತ್ರಜ್ಞರಿಗೆ ತೋರಿಸೋಣ ಎಂದರು. ಸ್ವೀಡನ್ನಿನವರು ಮೆತ್ತಗೆ ಮಾತಾಡಿದಷ್ಟೂ ನನಗೆ ಭಯ ಜಾಸ್ತಿ.

ಆಗ ನಾವು ಲಿಂಕೋಪಿಂಗ್ ಎಂಬ ಈ ಊರಿಗೆ ಬಂದು ಒಂದು ವರ್ಷವೂ ಆಗಿರಲಿಲ್ಲ. ಗಂಡ ವಿಮಾನದ ಕಂಪನಿಯೊಂದರಲ್ಲಿ ಎಂಜಿನಿಯರ್. "ಚಿಕ್ಕೋಳು ಕಣೆ, ಮಾತಾಡ್ತಾಳೆ ಬಿಡು. ಸುಮ್ನೆ ಟೆನ್ಶನ್ ಮಾಡ್ಕೋಬೇಡ" ಎಂದು ಸಾರನ್ನ ಕಲಸುತ್ತಲೇ ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ಅವರಿಗೇನು, ಬೆಳಿಗ್ಗೆ ಸೈಕಲ್ ಹತ್ತಿ ಆಫೀಸಿಗೆ ಹೋದರೆ ಮುಗಿಯಿತು. ತುಮಕೂರಿನ ಹೈಸ್ಕೂಲಿನಲ್ಲಿ ಫಿಸಿಕ್ಸ್ ಕಲಿಸುತ್ತಿದ್ದ ನಾನು ಇಲ್ಲಿ ವಲಸೆ ಬಂದವರ ಸ್ವೀಡಿಶ್ ಕ್ಲಾಸಿನಲ್ಲಿ 'ಇದು ಮೇಜು, ಇದು ಕುರ್ಚಿ' ಅನ್ನುತ್ತಾ ಕೂತಿದ್ದೆ. ಉಳಿದ ಹೊತ್ತೆಲ್ಲ ಚಿಂತೆಯೇ ನನ್ನ ಕಸುಬು. ಈ ದೇಶಕ್ಕೆ ಕರೆತಂದು ಮಗುವಿನ ಮಾತನ್ನೇ ಕಿತ್ತುಕೊಂಡೆವಾ ಅನ್ನಿಸುತ್ತಿತ್ತು.

ಆ ವರ್ಷ ಸ್ವೀಡನ್ನಿನವರೊಬ್ಬರು ಮೊಟ್ಟಮೊದಲ ಸಲ ಬಾಹ್ಯಾಕಾಶಕ್ಕೆ ಹೊರಟಿದ್ದರು. ಪೇಪರಿನಲ್ಲಿ, ಟೀವಿಯಲ್ಲಿ, ಬಸ್ಸಿನಲ್ಲಿ ಎಲ್ಲೆಲ್ಲೂ ಅದೇ ಸುದ್ದಿ. ಮಗಳ ಕ್ಲಾಸಿನಲ್ಲೂ ರಾಕೆಟ್ಟಿನ ಪಾಠ ಶುರುವಾಯಿತು. ಪೋಷಕರು ಯಾರಾದರೂ ಬಂದು ಏನಾದರೂ ತೋರಿಸಬಹುದಾ ಎಂದು ಟೀಚರ್ ಕೇಳಿದಾಗ, ಹಿಂದೆ ಮುಂದೆ ನೋಡದೆ ನಾನು ಕೈ ಎತ್ತಿಬಿಟ್ಟೆ. ನನ್ನ ಲೆಕ್ಕಾಚಾರ ಬೇರೆಯೇ ಇತ್ತು. ನಾನು ರಾಕೆಟ್ ಹಾರಿಸುತ್ತೇನೆ, ಮಗಳು ನನ್ನ ಸಹಾಯಕಿ. ಹತ್ತರಿಂದ ಸೊನ್ನೆಯವರೆಗೆ ಹಿಂದುಮುಂದಾಗಿ ಎಣಿಸುವುದು ಅವಳ ಕೆಲಸ. ಎಣಿಸಲಿಕ್ಕಾದರೂ ಬಾಯಿ ತೆರೆಯಲೇಬೇಕಲ್ಲ.

ಲೈಬ್ರರಿಯಿಂದ ಮಕ್ಕಳ ರಾಕೆಟ್ ಪುಸ್ತಕಗಳನ್ನು ಹೊತ್ತು ತಂದೆ. ಸಂಜೆ ಇಬ್ಬರೂ ಸೋಫಾದಲ್ಲಿ ಒಂದೇ ರಜಾಯಿ ಹೊದ್ದು ಓದುತ್ತಿದ್ದೆವು. ನಾನು ಸ್ವೀಡಿಶ್‌ನಲ್ಲಿ ತಡವರಿಸಿ ಓದುವುದು, ಅವಳು ನನ್ನ ಉಚ್ಚಾರ ತಿದ್ದುವುದು, ಆಮೇಲೆ ನಾನು ಕನ್ನಡದಲ್ಲಿ ವಿವರಿಸುವುದು. ಬೆಂಕಿಯ ಗಾಳಿ ಕೆಳಕ್ಕೆ ನುಗ್ಗಿದರೆ ರಾಕೆಟ್ ಮೇಲಕ್ಕೆ ಯಾಕೆ ಹೋಗುತ್ತದೆ ಎಂದು ಬಲೂನು ಊದಿ ಬಿಟ್ಟು ತೋರಿಸಿದೆ. ಬಾಹ್ಯಾಕಾಶದಲ್ಲಿ ಗಾಳಿ ಇಲ್ಲವಲ್ಲ, ಮತ್ತೆ ಅಲ್ಲಿಗೆ ಹೋದವರು ಮಾತಾಡಿದರೆ ಕೇಳಿಸುತ್ತದಾ ಎಂದು ಕೇಳಿದಳು. ಹೆಲ್ಮೆಟ್ಟಿನೊಳಗೆ ರೇಡಿಯೋ ಇರುತ್ತದೆ ಎಂದೆ. ಅವಳು ಬಹಳ ಹೊತ್ತು ಪುಸ್ತಕದಲ್ಲಿದ್ದ ಹೆಲ್ಮೆಟ್ಟಿನ ಚಿತ್ರವನ್ನೇ ನೋಡುತ್ತಿದ್ದಳು. ಶಾಲೆಯಲ್ಲಿ ಯಾಕೆ ಮಾತಾಡಲ್ಲ ಪುಟ್ಟಾ ಎಂದು ಕೇಳಲು ಬಾಯಿಯ ತನಕ ಬಂತು, ನುಂಗಿಕೊಂಡೆ. ಕೇಳಿದಾಗಲೆಲ್ಲ ಅವಳು ಗೋಡೆಯ ಕಡೆ ತಿರುಗುತ್ತಿದ್ದಳು.

ಪ್ರಯೋಗ ಸುಲಭದ್ದು. ಪ್ಲಾಸ್ಟಿಕ್ ಬಾಟಲಿಯಲ್ಲಿ ಸ್ವಲ್ಪ ನೀರು, ಬಾಯಿಗೆ ಬಿಗಿಯಾಗಿ ಬಿರಡೆ, ಬಿರಡೆಯೊಳಗೆ ಫುಟ್‌ಬಾಲಿಗೆ ಗಾಳಿ ತುಂಬುವ ಸೂಜಿ, ಸೂಜಿಗೆ ಸೈಕಲ್ ಪಂಪು. ಬಾಟಲಿಯನ್ನು ತಲೆಕೆಳಗಾಗಿ ಇಟ್ಟಿಗೆಗಳ ನಡುವೆ ನಿಲ್ಲಿಸಿ ಪಂಪು ಒತ್ತುತ್ತಾ ಹೋದರೆ ಬಿರಡೆ ಕಿತ್ತು ರಾಕೆಟ್ ಹಾರುತ್ತದೆ. ಬಿರಡೆ ಸಿಗುವುದೇ ಕಷ್ಟವಾಯಿತು. ವೈನ್ ಬಾಟಲಿಯ ಬಿರಡೆ ಸರಿಹೋಗುತ್ತದೆ, ಆದರೆ ವೈನ್ ಮುಟ್ಟದ ಮನೆ ನಮ್ಮದು. ಎದುರುಮನೆಯ ಅಜ್ಜಿಯನ್ನು ಕೇಳಿದರೆ ಒಂದು ಚೀಲದ ತುಂಬ ಬಿರಡೆ ತಂದುಕೊಟ್ಟರು. ಇಷ್ಟೆಲ್ಲ ಕುಡಿದದ್ದು ನಾನೇ ಎನ್ನುವ ಹಾಗೆ ನನಗೇ ನಾಚಿಕೆಯಾಯಿತು.

ಮನೆಯ ಹಿಂದಿನ ಹುಲ್ಲಿನ ಮೇಲೆ ಮೊದಲ ಸಲ ಹಾರಿಸಿದಾಗ ರಾಕೆಟ್ ಪುಸ್ಸೆಂದು ಪಕ್ಕಕ್ಕೆ ಮಲಗಿತು. ಅವತ್ತು ಆಯುಧಪೂಜೆ. ಗಂಡ ಆಗಷ್ಟೇ ಪಾರ್ಕಿಂಗಿನಲ್ಲಿ ನಮ್ಮ ಹಳೇ ಕಾರಿಗೆ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಅದರ ಮೇಲೆ ಹತ್ತಿಸಿ ಬಂದಿದ್ದರು. ಒಂದು ಹಣ್ಣು ಮಿಕ್ಕಿತ್ತು. "ಇದೂ ವೆಹಿಕಲ್ಲೇ ಅಲ್ವಾ?" ಎಂದು ತಮಾಷೆ ಮಾಡುತ್ತಾ ಬಾಟಲಿಗೂ ಕುಂಕುಮ ಹಚ್ಚಿ, ಇಟ್ಟಿಗೆಗಳ ನಡುವೆ ಆ ಹಣ್ಣು ಇಟ್ಟರು. ಈ ಸಲ ರಾಕೆಟ್ ಬರ್ಚ್ ಮರಕ್ಕಿಂತ ಎತ್ತರಕ್ಕೆ ಹೋಯಿತು. ಮಗಳು ಕುಣಿದಾಡಿಬಿಟ್ಟಳು.

"ನಿಂಬೆಹಣ್ಣಿಂದ ಅಲ್ಲ ಕಣೆ. ನಾನು ಬಿರಡೆಯನ್ನ ನೀರಲ್ಲಿ ನೆನೆಸಿ ಬಿಗಿಯಾಗಿ ಹಾಕಿದೆ, ಅದಕ್ಕೆ ಹಾರಿದ್ದು" ಎಂದೆ.

"ಇಲ್ಲಮ್ಮ. ನಿಂಬೆಹಣ್ಣು ಇಡ್ದೇ ನೋಡಿದ್ವಿ, ಹಾರ್ಲಿಲ್ಲ. ಇಟ್ಟು ನೋಡಿದ್ವಿ, ಹಾರ್ತು. ಪ್ರಯೋಗ ಅಂದ್ರೆ ಅದೇ ಅಲ್ವಾ, ನೀನೇ ಹೇಳಿದ್ದು!"

ಗಂಡ ಹೊಟ್ಟೆ ಹಿಡಿದು ನಕ್ಕರು. ಫಿಸಿಕ್ಸ್ ಟೀಚರ್ ಮಗಳು ಹೀಗಾ ಎಂದು ನಾನು ಸಿಡುಕಿದೆ.

ಶಾಲೆಗೆ ಹೋಗುವ ದಿನ ಬೆಳಿಗ್ಗೆ ಹುಲ್ಲಿನ ಮೇಲೆ ಹಿಮದ ಪುಡಿ ಬಿದ್ದಿತ್ತು. ಬಾಟಲಿ, ಪಂಪು, ಇಟ್ಟಿಗೆ ಎಲ್ಲ ಚೀಲಕ್ಕೆ ಹಾಕಿದೆ. ಕುಂಕುಮ, ನಿಂಬೆಹಣ್ಣು ಮಾತ್ರ ಬೇಕೆಂದೇ ಬಿಟ್ಟೆ. ಮೊದಲೇ ಮಾತಾಡದ ಮಗು, ಅದರ ಮೇಲೆ ಅವಳಮ್ಮ ಏನೋ ಮಾಟ ಮಾಡುತ್ತಾಳೆ ಎಂದು ಮಕ್ಕಳು ಆಡಿಕೊಂಡರೆ ಇನ್ನೇನು ಗತಿ! ಶಾಲೆಯಲ್ಲಿ ಹಣ್ಣು ತಿನ್ನುವ ಹೊತ್ತೊಂದಿತ್ತು, ಎಲ್ಲ ಮಕ್ಕಳೂ ಮನೆಯಿಂದ ಒಂದು ಹಣ್ಣು ತರಬೇಕು. ಮಗಳ ಡಬ್ಬಿಗೆ ಬಾಳೆಹಣ್ಣು ಹಾಕಿ ಹೊರಡಿಸಿದೆ.

ಆಟದ ಬಯಲಿನಲ್ಲಿ ಮಕ್ಕಳೆಲ್ಲ ಹಳದಿ ಜಾಕೆಟ್ ತೊಟ್ಟು ಅರ್ಧವೃತ್ತದಲ್ಲಿ ನಿಂತರು. ನನ್ನ ಮಗಳು ಪಕ್ಕಕ್ಕೆ ಬಂದು ನಿಂತಳೇನೋ ಹೌದು, ತುಟಿ ಮಾತ್ರ ಹೊಲಿದ ಹಾಗಿತ್ತು. ನನ್ನ ಮುರುಕು ಸ್ವೀಡಿಶ್‌ನಲ್ಲಿ ಎರಡು ಮಾತು ಹೇಳಿ, "ಈಗ ಎಣಿಸಮ್ಮ" ಎಂದೆ. ಎಣಿಸಲಿಲ್ಲ. ಎಲ್ಲರೂ ಅವಳನ್ನೇ ನೋಡಿದರು. ಟೀಚರ್ ತಾವೇ ಎಣಿಸತೊಡಗಿದರು, ಮಕ್ಕಳು ಜೊತೆಗೂಡಿದರು. ನಾನು ಪಂಪು ಒತ್ತಿದೆ. ಬಿರಡೆಯ ಸಂದಿಯಿಂದ ನೀರು ಚಿಮ್ಮಿ ನನ್ನ ಶೂ, ಸಾಕ್ಸ್ ಎಲ್ಲ ಒದ್ದೆ. ರಾಕೆಟ್ ಕದಲಲಿಲ್ಲ. ಯಾರೋ ಕಿಸಕ್ಕೆಂದು ನಕ್ಕರು.

ಮತ್ತೆ ನೀರು ತುಂಬಿ, ಬೇರೆ ಬಿರಡೆಯನ್ನು ನೆನೆಸಿ ತುರುಕಿದೆ. ಇದೂ ಹಾರದಿದ್ದರೆ ಇವಳು ಈ ಶಾಲೆಯಲ್ಲಿ ಎಂದೆಂದಿಗೂ ಬಾಯಿ ತೆರೆಯಲಾರಳು ಎಂದು ನನಗೆ ಖಾತ್ರಿಯಾಗಿತ್ತು. ಪಂಪಿಗೆ ಕೈ ಹಾಕಿದೆ.

"ಸ್ಟಾಪ್!"

ಆ ಕೂಗಿಗೆ ಬಯಲೇ ಬೆಚ್ಚಿತು. ಯಾರದೆಂದು ನನಗೂ ತಕ್ಷಣ ಗೊತ್ತಾಗಲಿಲ್ಲ. ಮಗಳು ಬ್ಯಾಗಿನಿಂದ ಹಣ್ಣಿನ ಡಬ್ಬಿ ಎಳೆದು ಮುಚ್ಚಳ ತೆಗೆದಳು. ಒಳಗೆ ಬಾಳೆಹಣ್ಣು ಇರಲಿಲ್ಲ, ನಿಂಬೆಹಣ್ಣು ಇತ್ತು. ನಾನು ನೋಡದಾಗ ಬದಲಾಯಿಸಿಕೊಂಡು ಬಂದಿದ್ದಾಳೆ.

"ಅಮ್ಮಾ! ನಿಂಬೆಹಣ್ಣು ಮರ್ತೇಬಿಟ್ಟಿದ್ದೀಯಲ್ಲ! ನಂಗೆ ಗೊತ್ತಿತ್ತು ನೀನು ಮರೀತೀಯ ಅಂತ!" ಅಷ್ಟೂ ಕನ್ನಡದಲ್ಲಿ, ಗಂಟಲು ಹರಿಯುವ ಹಾಗೆ. ರಾತ್ರಿಯಿಂದ ನಾನು ಒಬ್ಬಳೇ ಹೆದರುತ್ತಿದ್ದೇನೆ ಅಂದುಕೊಂಡಿದ್ದೆ. ನನ್ನ ರಾಕೆಟ್ ಹಾರದೇ ಹೋದರೆ ಎಂದು ಅವಳೂ ಹೆದರಿದ್ದಳು.

ಟೀಚರ್ ಬಾಯಿಗೆ ಕೈ ಅಡ್ಡ ಹಿಡಿದಿದ್ದರು. ಆಮೇಲೆ, ಏನೂ ಆಗಿಲ್ಲವೆಂಬಂತೆ, ಅದು ಯಾಕೆ ಎಂದು ಕೇಳಿದರು. ಮಗಳು ಅವರ ಕಡೆ ತಿರುಗಿ ಸ್ವೀಡಿಶ್‌ನಲ್ಲಿ ಶುರುಮಾಡಿದಳು. ಕಾರಿಗೂ ಇಡುತ್ತೇವೆ, ಸೈಕಲ್ಲಿಗೂ ಇಡುತ್ತೇವೆ, ಇಡದಿದ್ದರೆ ಹಾರುವುದಿಲ್ಲ, ನಾವು ಪರೀಕ್ಷೆ ಮಾಡಿ ನೋಡಿದ್ದೇವೆ. ಯಾರೂ ನಗಲಿಲ್ಲ. ಮಂಡಿಯೂರಿ ಹಣ್ಣನ್ನು ಇಟ್ಟಿಗೆಗಳ ನಡುವೆ ಇಟ್ಟಳು, ಕೈ ಎತ್ತಿದಳು, ಹತ್ತರಿಂದ ತಾನೇ ಎಣಿಸಿದಳು. ರಾಕೆಟ್ ನೀರು ಸುರಿಸುತ್ತಾ ಶಾಲೆಯ ಚಾವಣಿಗಿಂತ ಮೇಲಕ್ಕೆ ಹೋಯಿತು. ಬಿರಡೆ ಬಿಗಿಯಾಗಿದ್ದರಿಂದ ಹಾರಿತು ಎಂದು ಹೇಳಬೇಕಾದವಳು ನಾನು. ಆದರೆ ಕಣ್ಣು ಒರೆಸಿಕೊಳ್ಳುತ್ತಿದ್ದೆ.

ಮಕ್ಕಳೆಲ್ಲ ಅವಳನ್ನು ಮುತ್ತಿಕೊಂಡರು. ಚಂದ್ರನ ತನಕ ಹೋಗಲು ಎಷ್ಟು ನಿಂಬೆಹಣ್ಣು ಬೇಕು ಎಂದು ಒಬ್ಬ ಹುಡುಗಿ ಕೇಳಿದ್ದು ನನಗೆ ಅರ್ಥವಾಯಿತು. ಮಗಳು ಪಟಪಟನೆ ಏನೋ ಉತ್ತರ ಕೊಟ್ಟಳು, ಎಲ್ಲರೂ ಬಿದ್ದು ಬಿದ್ದು ನಕ್ಕರು. ನನ್ನ ಸ್ವೀಡಿಶ್ ಅಷ್ಟು ದೂರ ಹೋಗಲಿಲ್ಲ.

ಮನೆಗೆ ಬರುವಾಗ ಬಸ್ಸಿನಲ್ಲಿ ತಡೆಯಲಾರದೆ ಕೇಳಿದೆ, "ಅವಳಿಗೆ ಏನು ಹೇಳ್ದೆ ಪುಟ್ಟಾ?"

ಅವಳು ಕಿಟಕಿಯಾಚೆ ನೋಡುತ್ತಲೇ ಅಂದಳು, "ಅದು ನಮ್ಮ ಕ್ಲಾಸಿನ ಮಾತಮ್ಮ. ನಿಂಗ್ಯಾಕೆ?"