ನೊಣದಲ್ಲಿ ಸಿಕ್ಕ ಮೂರು ಪಟ್ಟು ಸತು

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಕಗ್ಗದಾಸಪುರದ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಹಿರಿಯ ಕೆಮಿಸ್ಟ್ ಆಗಿದ್ದೆ. ಅತ್ಯಲ್ಪ ಪ್ರಮಾಣದ ಸತು, ತಾಮ್ರ, ಕಬ್ಬಿಣವನ್ನೂ ಅಳೆಯಬಲ್ಲ ಯಂತ್ರ ನನ್ನ ವಶದಲ್ಲಿತ್ತು. ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತೆನ್ನಿ.

ಧಾರವಾಡದ ಸವಿತಾ ತನ್ನ ಪಿಎಚ್.ಡಿ.ಗಾಗಿ ಹಣ್ಣಿನ ನೊಣಗಳನ್ನು ತರುತ್ತಿದ್ದಳು. ಚಳಿಗೆ ಸಿಕ್ಕ ಕೀಟದ ಮೈಯಲ್ಲಿ ಈ ಲೋಹಗಳು ಏರುಪೇರಾಗುತ್ತವೆಯೇ ಎಂಬುದು ಅವಳ ಪ್ರಶ್ನೆ. ಫೆಲೋಶಿಪ್ ಮುಗಿಯಲು ಒಂದೇ ತಿಂಗಳಿತ್ತು. ಅಷ್ಟರಲ್ಲಿ ನಮ್ಮ ಕೋಲ್ಡ್ ಬಾತ್, ಅಂದರೆ ನೀರನ್ನು ಒಂದೇ ಸಮ ತಣ್ಣಗಿಡುವ ಯಂತ್ರ, ಕೆಟ್ಟು ಕೂತಿತು. ಶಿವಾಜಿನಗರದ ಮೀನಿನ ಅಂಗಡಿಗಳಿಗೆ ಐಸ್ ಹಾಕುವ ನಯಾಜ್ ಭಾಯಿಗೆ ಹೇಳಿ, ಅವರದೇ ತಗಡಿನ ಟಬ್ಬಿನ ತುಂಬ ಐಸ್ ತರಿಸಿದೆ. ನೊಣಗಳ ಸೀಸೆಗಳನ್ನು ಮುಚ್ಚಿ ಅದರಲ್ಲಿಟ್ಟೆವು. ಹೊರತೆಗೆದ ಮೇಲೆ ನೊಣಗಳು ಬೆಚ್ಚಗಾಗದಿರಲಿ ಎಂದು ಟಬ್ಬಿನ ನೀರಿನಲ್ಲೇ ತೊಳೆಯಲು ಹೇಳಿದವಳು ನಾನೇ. ಚಳಿ ಕಾಣದ ನೊಣಗಳನ್ನು ಮಾತ್ರ ಪ್ರಯೋಗಾಲಯದ ಶುದ್ಧ ನೀರಿನಲ್ಲಿ ತೊಳೆದೆವು.

ಚಳಿ ಕಂಡ ನೊಣಗಳಲ್ಲಿ ಸತು ಮೂರು ಪಟ್ಟು ಬಂತು!

"ಮೇಡಮ್, ನನ್ ಥೀಸಿಸ್ ಆತಂತ ತಿಳ್ಕೋರಿ!" ಎಂದು ಸವಿತಾ ಕುಣಿದಾಡಿಬಿಟ್ಟಳು. ಮರುದಿನ ಸಂಜೆಯೊಳಗೆ ಪ್ರಬಂಧವನ್ನು ವಿಜ್ಞಾನ ಪತ್ರಿಕೆಗೆ ಕಳಿಸುವುದೆಂದಾಯಿತು.

ಮರುದಿನ ಮಧ್ಯಾಹ್ನ ಹೊಸ ಐಸ್ ಹಾಕಲು ಬಂದ ನಯಾಜ್ ಭಾಯಿ, ಸವಿತಾ ಇನ್ನಷ್ಟು ನೊಣಗಳನ್ನು ತೊಳೆಯುವುದನ್ನು ಕಂಡು ಮುಖ ಕಿವುಚಿದರು.

"ಈ ನೀರಲ್ಲಿ ತೊಳೀತೀರಾ ಮೇಡಮ್? ಶರಬತ್ತಿನ ಐಸ್ ನಾವು ಇದ್ರಲ್ಲಿ ಹಾಕೋದೇ ಇಲ್ಲ. ಇದು ಬರೀ ಮೀನಿಗೆ. ನೋಡಿ, ಒಳಗೆಲ್ಲಾ ಬಿಳಿ ಪುಡಿ ಬಿಡ್ತದೆ."

ಟಬ್ಬಿನ ಒಳಬದಿಯನ್ನು ಬೆರಳಿನಿಂದ ಉಜ್ಜಿ ತೋರಿಸಿದರು. ಆ ಬಿಳಿ ಪುಡಿ ಏನೆಂದು ನನಗೆ ಆಗ ಹೊಳೆಯಿತು. ತುಕ್ಕು ಹಿಡಿಯದಿರಲೆಂದು ತಗಡಿಗೆ ಬಳಿಯುವುದು ಸತುವನ್ನೇ! ಆ ನೀರನ್ನು ಯಂತ್ರಕ್ಕೆ ಕೊಟ್ಟೆ. ಅದರ ತುಂಬ ಸತುವೇ. ತೊಳೆಯುವ ನೀರನ್ನು ಮೊದಲು ಪರೀಕ್ಷಿಸಬೇಕೆಂದು ಹೊಸಬರಿಗೆಲ್ಲ ಪಾಠ ಹೇಳುತ್ತಿದ್ದ ನಾನು ಅದನ್ನೇ ಮರೆತಿದ್ದೆ.

ಸವಿತಾ ಕೂತು ಅತ್ತಳು. "ತಪ್ಪು ನಂದು ಕಣೇ, ನಿಂದಲ್ಲ. ಮೊದಲಿಂದ ಮಾಡೋಣ, ನಾನೂ ಕೂತ್ಕೋತೀನಿ" ಎಂದೆ.

ಶುದ್ಧ ನೀರಿನಿಂದ ಐಸ್ ಮಾಡಿ, ಪ್ಲಾಸ್ಟಿಕ್ ಡಬ್ಬಗಳಲ್ಲಿಟ್ಟು, ಎರಡು ವಾರ ಬಿಡದೆ ದುಡಿದೆವು. ಮೂರು ಪಟ್ಟು ಹೋಗಿ ಒಂದು ಚಿಕ್ಕ ವ್ಯತ್ಯಾಸ ಉಳಿಯಿತು. ಅದು ನೊಣಗಳದ್ದೇ ಆಗಿತ್ತು. ಥೀಸಿಸ್ ಗಡುವಿನೊಳಗೆ ಹೋಯಿತು.

ಅದರ ಕೃತಜ್ಞತೆಯ ಪುಟದಲ್ಲಿ ನಯಾಜ್ ಭಾಯಿಯ ಹೆಸರು ನನ್ನ ಹೆಸರಿಗಿಂತ ಮೇಲಿತ್ತು. ಅವರು ಐಸ್ ಹಾಕುವ ಮೀನಿನ ಅಂಗಡಿಗೇ ನಾವಿಬ್ಬರೂ ಹೋಗಿ ತೋರಿಸಿದಾಗ, "ಅಷ್ಟಕ್ಕೆಲ್ಲಾ ಹೆಸರು ಹಾಕ್ತಾರಾ?" ಎಂದು ನಾಚಿಕೊಂಡರು.

ಅವರು ಅಂದು ಸುಮ್ಮನೆ ಐಸ್ ಸುರಿದು ಹೋಗಿದ್ದರೆ ಒಂದು ಸುಳ್ಳು ನನ್ನ ಸಹಿಯೊಂದಿಗೆ ಅಚ್ಚಾಗುತ್ತಿತ್ತು. ಕೆಲಸ ಗೊತ್ತಿರುವವರು ಪ್ರಯೋಗಾಲಯದ ಬಿಳಿ ಕೋಟು ಹಾಕಿಕೊಂಡೇ ಬರುತ್ತಾರೆಂದು ನಾನು ಆಮೇಲೆ ಎಂದೂ ಅಂದುಕೊಳ್ಳಲಿಲ್ಲ.