ಒಂಬತ್ತನೇ ಕ್ಲಾಸಿನ ಹುಡುಗಿ ಬ್ಯಾಟು ಹಿಡಿದರೆ

ರಿಯಾದ್‌ನ ಒಲಾಯಾ ಬಡಾವಣೆಯ ಹಿಂದಿನ ಬೀದಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶಾಲೆಯ ಬಸ್ಸು ಬರುವ ಮೊದಲು ಸಾರಮ್ಮ ಮೆಟ್ಟಿಲ ಮೇಲೆ ಕುಳಿತು ಖರ್ಜೂರದ ಮಡಲಿನ, ಅಂದರೆ ಗರಿಯ, ದಪ್ಪ ಬುಡವನ್ನು ಕತ್ತಿಯಿಂದ ಹೆರೆಯುತ್ತಿದ್ದಾರೆ. ಮುಳ್ಳು ಸವರಿ, ಹಿಡಿಗೆ ಸೈಕಲ್ ಟ್ಯೂಬು ಸುತ್ತಿದರೆ ಬ್ಯಾಟು ತಯಾರು. ತಮ್ಮೂರು ಉಳ್ಳಾಲದಲ್ಲಿ ತೆಂಗಿನ ಕೊತ್ತಳಿಗೆಯಿಂದ ಮಾಡುತ್ತಿದ್ದುದನ್ನೇ ಇಲ್ಲಿ ಖರ್ಜೂರದಿಂದ ಮಾಡುತ್ತಾರೆ, ಅಷ್ಟೇ. ಶಾಲೆಯ ಅಸಲಿ ಬ್ಯಾಟು ಆಫೀಸಿನ ಕಪಾಟಿನಲ್ಲಿ ಬೀಗದೊಳಗಿದೆ.

ಸಾರಮ್ಮ ಇಲ್ಲಿನ ಭಾರತೀಯ ಶಾಲೆಯೊಂದರ ಹೆಣ್ಣುಮಕ್ಕಳ ವಿಭಾಗದಲ್ಲಿ ಆಯಾ. ಬಸ್ಸಿನಲ್ಲಿ ಮಕ್ಕಳನ್ನು ಕಾಯುವುದು, ಟಾಯ್ಲೆಟ್ ತೊಳೆಯುವುದು, ಲೈಬ್ರರಿಯ ಧೂಳು ಹೊಡೆಯುವುದು, ಹೊಟ್ಟೆನೋವೆಂದು ಅಳುವವರನ್ನು ಸಮಾಧಾನ ಮಾಡುವುದು ಎಲ್ಲ ಇವರ ತಲೆಗೇ. ಗಂಡ ವ್ಯಾನು ಓಡಿಸುತ್ತಾರೆ. ಈ ಕೆಲಸ ಹೋದರೆ ಸಾರಮ್ಮನಿಗೆ ದಿನವಿಡೀ ಫ್ಲ್ಯಾಟಿನ ನಾಲ್ಕು ಗೋಡೆಯೇ ಗತಿ. ಒಬ್ಬರೇ ಹೊರಗೆ ಹೊರಡಲು ಬೇರೆ ನೆಪವೇ ಇಲ್ಲ.

ಲೈಬ್ರರಿಗೂ ನೀರಿನ ಟ್ಯಾಂಕಿಗೂ ನಡುವೆ ಒಂದು ಇಕ್ಕಟ್ಟಿನ ಅಂಗಳವಿದೆ. ಓಡಿಬಂದು ಕೈ ತಿರುಗಿಸಿ ಚೆಂಡೆಸೆಯಲು ಜಾಗವಿಲ್ಲ. ಹಾಗಾಗಿ ಇವರು ಹುಡುಗಿಯರಿಗೆ ಊರಿನ ಅಂಡರ್ ಆರ್ಮ್ ಕಲಿಸಿದರು: ಕೈ ಕೆಳಗಿನಿಂದಲೇ ಬೀಸಿ ಎಸೆಯುವ ನಮ್ಮ ಕರಾವಳಿಯ ಟೆನಿಸ್ ಬಾಲ್ ಕ್ರಿಕೆಟ್. ಇದೆಂಥ ಆಟ ಎಂದು ಮೊದಲು ನಕ್ಕ ಹುಡುಗಿಯರಿಗೆ ವಾರ ಕಳೆದರೂ ಆಯಮ್ಮನ ಚೆಂಡು ಬ್ಯಾಟಿಗೆ ಸಿಗಲಿಲ್ಲವಂತೆ.

ಅಷ್ಟರಲ್ಲಿ ಆಡಳಿತ ಸಮಿತಿಯ ಅಬ್ದುಲ್ ಮಜೀದ್ ಹಾಜಿಯವರ ಕಟ್ಟಪ್ಪಣೆ ಬಂತು. ಒಂಬತ್ತನೇ ಕ್ಲಾಸಿನಿಂದ ಮೇಲಿನವರು ದೊಡ್ಡವರಾದರು, ಆಡಬಾರದು. ಬ್ಯಾಟು ಕಪಾಟು ಸೇರಿತು. ಎತ್ತರದ ಗೋಡೆಯೊಳಗೆ, ಹೆಂಗಸರ ನಡುವೆ ಹುಡುಗಿಯರು ಚೆಂಡು ಹೊಡೆದರೆ ಯಾರ ಗಂಟು ಹೋಗುತ್ತದೋ ನನಗಂತೂ ತಿಳಿಯದು!

ಇಂಗ್ಲಿಷ್ ಟೀಚರ್ ಮಧುಶ್ರೀ ಮೈಸೂರಿನವರು. ಅದೇ ವಾರ ಅವರು ಲೈಬ್ರರಿಯಲ್ಲಿ, ಇನ್ನೂರು ವರ್ಷ ಹಿಂದಿನ ಇಂಗ್ಲಿಷ್ ಕಾದಂಬರಿಯೊಂದರಲ್ಲೇ ನಾಯಕಿ ಹುಡುಗಿಯಾಗಿದ್ದಾಗ ದಾಂಡು-ಚೆಂಡು ಆಡುತ್ತಿದ್ದ ಪ್ರಸ್ತಾಪವಿದೆ ಎಂದು ಪಾಠ ಮಾಡುತ್ತಿದ್ದರು. ಆಗ ಚೆಂಡು ಎಸೆಯುತ್ತಿದ್ದದ್ದೂ ಕೈ ಕೆಳಗಿನಿಂದಲೇ ಎಂದಾಗ ಕಪಾಟು ಒರೆಸುತ್ತಿದ್ದ ಸಾರಮ್ಮನ ಕೈ ನಿಂತಿತು. ಆ ಹುಡುಗಿ ಆಮೇಲೆ ಎಂತ ಮಾಡಿದಳು ಎಂದು ಕೇಳಿದರು. ದೊಡ್ಡವಳಾದಳು, ಮದುವೆಯ ಕಥೆ ಶುರುವಾಯಿತು, ಮುಂದೆ ಆಟದ ಸುದ್ದಿಯೇ ಇಲ್ಲ ಎಂದರು ಟೀಚರ್.

“ಆಟ ಬಿಡಿಸಿದ್ದು ಯಾರು, ಟೀಚರ್?” ಎಂದರು ಸಾರಮ್ಮ.



ಸಾರಮ್ಮನದೂ ಅದೇ ಕಥೆ. ಅಣ್ಣಂದಿರ ತಂಡದಲ್ಲಿ ಇವರೇ ಒಳ್ಳೆಯ ಬೌಲರ್. ಆಟ ಬಿಡಿಸಿದ್ದು ತಾಯಿ. “ಒಂದು ದಿನ ಉಮ್ಮ ಸಾಕು ಒಳಗೆ ಬಾ ಅಂದ್ರು. ಹೋದೆ. ಯಾಕೆ ಅಂತ ಕೇಳ್ಲಿಕ್ಕೆ ಸಹ ಗೊತ್ತಾಗ್ಲಿಲ್ಲ. ಅದು ಈಗಲೂ ಹೊಟ್ಟೆ ಉರಿಸ್ತದೆ ಮಾರಾಯ್ರೆ.”

ಆ ಪಾಠ ಕೇಳಿದ ಮರುದಿನವೇ ಮಡಲಿನ ಬ್ಯಾಟು ಬಂತು. ಸುದ್ದಿ ತಿಳಿದ ಹಾಜಿ, ಹೆಂಗಸರ ವಿಭಾಗಕ್ಕೆ ಗಂಡಸು ಬರುತ್ತಿರುವ ಮುನ್ಸೂಚನೆ ಕೊಡಿಸಿ, ಖುದ್ದಾಗಿ ಅಂಗಳದ ಬಾಗಿಲಿಗೆ ಬಂದರು. ಶಾಲು ಬಿಗಿದು ಬ್ಯಾಟು ಹಿಡಿದವಳು ಒಂಬತ್ತನೇ ಕ್ಲಾಸಿನ ಜಸ್ನಾ. ಚೆಂಡು ಸಾರಮ್ಮನ ಕೈಯಲ್ಲಿ. ನಿಲ್ಲಿಸಿ ಎಂದರು ಹಾಜಿ.

“ಓವರ್ ಮುಗೀಲಿ ಹಾಜಿ” ಎಂದು ಸಾರಮ್ಮ ಚೆಂಡು ಎಸೆದೇಬಿಟ್ಟರು. ಜಸ್ನಾ ಹೊಡೆದಳು. ಉಳಿದ ಎಸೆತಗಳೂ ಮುಗಿದವು. ಹಾಜಿ ಓವರ್ ಪೂರ್ತಿ ನಿಂತಿದ್ದು, ಕೆಲಸದ ಮೇಲೆ ಆಸೆ ಇಲ್ಲವೇ ಎಂದು ಕೇಳಿ ಹೊರಟರು. ಆಮೇಲೆ ಹೂಂ ಎಂದೂ ಹೇಳಿಲ್ಲ, ಉಹೂಂ ಎಂದೂ ಹೇಳಿಲ್ಲ. ಜಸ್ನಾ ಈಗ ಹತ್ತನೇ ಕ್ಲಾಸು. ದಿನಾ ಆಡುತ್ತಾಳೆ.

ಇದು ಅಚ್ಚಾದರೆ ಹಾಜಿ ಸುಮ್ಮನಿರುತ್ತಾರೆಯೇ ಎಂಬ ಭಯ ನನಗೆ. ಹೆಸರು ಬದಲಿಸಿ ಬರೆಯಲೇ ಎಂದು ಕೇಳಿದೆ. ಸಾರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಕದ್ದು ಆಡುದಾ ನಾವು? ಸಾರಮ್ಮ ಅಂತಲೇ ಹಾಕಿ. ಆಯಾ ಅಂತ ಹಾಕುದಾದ್ರೆ, ಅದಕ್ಕಿಂತ ಮೊದಲು ಬೌಲರ್ ಅಂತ ಹಾಕಿ.”